ಮಗಳ ಕ್ಲಾಸಿನಲ್ಲಿ ಗ್ಯಾಸ್ ಸೋರಿದ ಸಂಜೆ

ಭಾನುವಾರ ಬೆಳಿಗ್ಗೆ,
ದೇವರಿಗೆ ದೀಪ ಹಚ್ಚಿ ಎದ್ದ ಮೇಲೆ.

ಒಬ್ಬರೇ ಚಹಾ ಕುದಿಸಿಕೊಂಡು, ಪಾತ್ರೆಯ ತಳ ಹಿಡಿಸಿ, ಬೈಯಲು ಎದುರಿಗೆ ಯಾರೂ ಇಲ್ಲದೆ ಕೂತಿರುವ ನಮ್ಮ ಯಜಮಾನರಿಗೆ, ನಿಮ್ಮ ಮನೆಯವಳ ನಮಸ್ಕಾರ.

ದೇವರ ದಯೆಯಿಂದ ನಾನೂ ಮಗಳೂ ಇಲ್ಲಿ ಕ್ಷೇಮ. ಇದು ಕಾಗದದ ಮೊದಲ ಸಾಲಿಗೆಂದು ಬರೆಯುವ ಕ್ಷೇಮವಲ್ಲ. ಕೈ, ಕಾಲು, ಸೊಂಟ, ಮಾನ ಎಲ್ಲವೂ ನೆಟ್ಟಗಿದೆ. ಇಷ್ಟು ಒತ್ತಿ ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನ್ ಮಾಡಿದರೆ ಒಂದು ‘ಹೂಂ’, ಇನ್ನೊಂದು ‘ಹೂಂ’, ಮಗಳ ಮಾತೆತ್ತಿದ ಕೂಡಲೇ ‘ಬಾಗಿಲಿಗೆ ಯಾರೋ ಬಂದ್ರು’ ಅಂತ ಇಟ್ಟುಬಿಡುತ್ತೀರಿ. ನಮ್ಮ ಬಾಗಿಲಿಗೆ ಅಷ್ಟು ಜನ ಬರುವುದು ನಿಜವಾಗಿದ್ದರೆ ಮದುವೆಯಾಗಿ ಬಂದಾಗಿನಿಂದ ನಾನು ಒಬ್ಬರನ್ನಾದರೂ ನೋಡಬೇಕಿತ್ತು. ಕಾಗದವಾದರೆ ನೀವು ಬಿಡುವವರಲ್ಲ. ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಅಕ್ಷರದವರೆಗೆ ಓದುವ ಜೀವ. ಅಂದ ಹಾಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ತಾನೇ? ಚೀಟಿ ಓದಿದರೆ ಬಿಪಿ ಇಳಿಯುವುದಿಲ್ಲ.

ನನಗಂತೂ ಖುಷಿ ತಡೆಯಲಾಗುತ್ತಿಲ್ಲ. ಬೆಳಿಗ್ಗೆ ಜಪಕ್ಕೆ ಕೂತರೆ ಮಣಿ ಮುಂದಕ್ಕೇ ಹೋಗಲಿಲ್ಲ. ನಿನ್ನೆಯ ಕಥೆಯನ್ನೆಲ್ಲ ದೇವರಿಗೇ ಹೇಳಿ ಮುಗಿಸಿದೆ. ಅವನು ನಡುವೆ ಎದ್ದು ಹೋಗದೆ ಕೇಳಿಸಿಕೊಂಡ. ಈಗ ನಿಮ್ಮ ಸರದಿ.

ನೀವು ಆಡಿದ ಮಾತು ನಿಮಗೆ ಮರೆತಿರಬಹುದು, ಅವಳಿಗೆ ಮರೆತಿಲ್ಲ. ಕಾರ್ಖಾನೆಯ ಸೇಫ್ಟಿ ಕೆಲಸ ಬಿಟ್ಟು ಯೂನಿವರ್ಸಿಟಿಯಲ್ಲಿ ಆನ್‌ಲೈನ್ ಪಾಠ ಮಾಡುತ್ತೇನೆ ಎಂದು ಅವಳು ಬಂದು ಹೇಳಿದ ದಿನ, ‘ದಡದ ಮೇಲೆ ಕೂತು ಈಜು ಕಲಿಸೋಕೆ ಹೊರಟ್ಯಾ?’ ಎಂದಿರಿ. ‘ಮುಳುಗೋರು ಮೊದಲು ಕಾಣೋದು ದಡದ ಮೇಲಿರೋರಿಗೇ ಅಪ್ಪಾ’ ಎಂದಳು ಅವಳು. ಅಷ್ಟೇ. ಅವತ್ತಿನಿಂದ ಇಬ್ಬರ ಬಾಯಿಗೂ ಬೀಗ. ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಕಳಿಸಿದ್ದಾನೆ ದೇವರು, ನಡುವೆ ನನ್ನನ್ನು ಮೆತ್ತಗೆ ಮಾಡಿ ಇಟ್ಟಿದ್ದಾನೆ.

ಅವಳಿಗೆ ಒಂದು ಹೊತ್ತು ಬಿಸಿಯಾಗಿ ಬೇಯಿಸಿ ಹಾಕೋಣ ಎಂದು ಬಂದೆ. ಬಂದು ನೋಡಿದರೆ ಇದು ಪಾಠ ಮಾಡುವುದಲ್ಲ ರೀ, ಮನೆ ಕಟ್ಟುವ ಕೆಲಸ. ಕಂಪ್ಯೂಟರ್ ಇರುವ ಕೋಣೆಯ ಒಂದು ಗೋಡೆ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿದ್ದಾಳೆ. ಒಂದೊಂದು ವಾರಕ್ಕೆ ಒಂದೊಂದು ಸಾಲು. ಪ್ರತಿ ಚೀಟಿಯ ಮುಂದೆಯೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾಳೆ: ‘ಇದನ್ನ ಓದಿದೋರು ಸೋಮವಾರ ಕೆಲಸಕ್ಕೆ ಹೋಗಿ ಏನು ಮಾಡ್ತಾರೆ?’ ಉತ್ತರ ಹೊಳೆಯದಿದ್ದರೆ ಆ ಚೀಟಿ ಕಸದ ಬುಟ್ಟಿಗೆ. ಎಷ್ಟು ಚೆಂದದ ಅಕ್ಷರದ ಚೀಟಿಗಳು!

ಓದುವವರೆಲ್ಲ ಕೆಲಸದಲ್ಲಿರುವ ಸೇಫ್ಟಿ ಆಫೀಸರುಗಳು. ಬಂದರಿನವರೊಬ್ಬರು, ಕಲ್ಲು ಗಣಿಯವರೊಬ್ಬರು, ಆಸ್ಪತ್ರೆಯ ಹಿರಿಯ ನರ್ಸಮ್ಮ ಒಬ್ಬರು, ಶೀತಲ ಗೋದಾಮಿನ ಹುಡುಗಿಯೊಬ್ಬಳು. ಆ ಹುಡುಗಿ ದಪ್ಪ ಕೋಟು ಹಾಕಿಕೊಂಡೇ ಕ್ಲಾಸಿಗೆ ಕೂರುತ್ತಾಳೆ, ಪಾಠ ಮುಗಿದ ಮೇಲೂ ತೆಗೆಯುವುದಿಲ್ಲ. ಎಲ್ಲರೂ ಡಿಗ್ರಿ ಮುಗಿಸಿದವರು, ಈಗ ಅದರ ಮೇಲಿನ ಪದವಿಗೆ ಓದುತ್ತಿದ್ದಾರೆ. ಶಿಫ್ಟ್ ಮುಗಿಸಿ, ಮಕ್ಕಳಿಗೆ ಉಣ್ಣಿಸಿ, ಒಂದು ಕಣ್ಣು ಮುಚ್ಚಿಕೊಂಡು ಓದಬೇಕು. ಅದಕ್ಕೇ ಇವಳು ಪಾಠವನ್ನು ಸಣ್ಣ ಸಣ್ಣ ತುಂಡು ಮಾಡಿ ಮೊದಲೇ ರೆಕಾರ್ಡ್ ಮಾಡಿ ಇಡುತ್ತಾಳೆ. ಬಸ್ಸಿನಲ್ಲಿ ಕೂತೂ ಕೇಳಬಹುದು. ವಾರಕ್ಕೊಮ್ಮೆ, ಶನಿವಾರ ಸಂಜೆ, ಎಲ್ಲರೂ ಪರದೆಯ ಮೇಲೆ ಒಟ್ಟಿಗೆ ಸೇರುತ್ತಾರೆ.

ರೆಕಾರ್ಡ್ ಮಾಡಿದ ತುಂಡುಗಳಿಗೆ ಮೊದಲ ಪರೀಕ್ಷೆ ಯಾರದು ಗೊತ್ತೇ? ನನ್ನದು! ನಾನು ತರಕಾರಿ ಹೆಚ್ಚುತ್ತಾ ಕೇಳಬೇಕು. ‘ಅಮ್ಮ ತೂಕಡಿಸಿದರೆ ಆ ಜಾಗಕ್ಕೆ ಕತ್ತರಿ’ ಅನ್ನುವುದು ಅವಳ ಕಾಯಿದೆ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು ಯೂನಿವರ್ಸಿಟಿ ಪಾಠಕ್ಕೆ ಕತ್ತರಿ ಹಾಕುತ್ತಿದ್ದೇನೆ, ತಿಳಿಯಿತೇ? ಹಾಗೆ ಕೇಳಿ ಕೇಳಿ ನನಗೂ ಸುಮಾರು ಬಂದಿದೆ. ಅಪಾಯ ಕಂಡರೆ ಮೊದಲು ಅಪಾಯವನ್ನೇ ತೆಗೆಯಬೇಕು. ಆಗದಿದ್ದರೆ ಅಡ್ಡ ಕಟ್ಟಬೇಕು. ಹೆಲ್ಮೆಟ್ಟು, ಕೈಗವಸು ಎಲ್ಲ ಕೊನೆಗೆ. ನಾವು ಯಾವಾಗಲೂ ಉಲ್ಟಾ, ಮೊದಲು ಹೆಲ್ಮೆಟ್ಟು ಕೊಟ್ಟು ಆಮೇಲೆ ತಲೆ ಹುಡುಕುತ್ತೇವೆ.

ನಿಮ್ಮ ಕಾರ್ಖಾನೆಯವರೂ ಒಬ್ಬರು ಇದ್ದಾರೆ. ಮಾತು ಮಾತಿಗೆ ಸೀಟಿ ಊದುತ್ತಾನೆ ಎಂದು ನೀವು ‘ಪೀಪಿ’ ಎಂದು ಕರೆಯುತ್ತೀರಲ್ಲ, ಆ ಸೇಫ್ಟಿ ಆಫೀಸರ್. ಪಾಪ, ಎದುರಿಗೆ ಬಹಳ ಮರ್ಯಾದೆಯ ಮನುಷ್ಯ. ಆದರೆ ಕ್ಲಾಸಿನಲ್ಲಿ ಅವರು ಕೇಳುವ ಪ್ರಶ್ನೆಗಳು ಮಾತ್ರ ಮುಳ್ಳು. ‘ಈ ಪಾಠ ಓದಿದರೆ ಬಾಯ್ಲರಿಗೆ ಬುದ್ಧಿ ಬರುತ್ತಾ ಮೇಡಂ?’ ಎಂದು ಕೇಳಿದರಂತೆ ಒಂದು ಸಲ. ಮಗಳು ಸಿಟ್ಟಾಗಲಿಲ್ಲ, ‘ಬಾಯ್ಲರಿಗೆ ಬರಲ್ಲ, ಅದರ ಪಕ್ಕ ನಿಂತಿರೋರಿಗೆ ಬಂದರೆ ಸಾಕು’ ಎಂದಳಂತೆ.

ಈಗ ನಿನ್ನೆಯ ವಿಷಯಕ್ಕೆ ಬರುತ್ತೇನೆ. ನಿನ್ನೆಯ ಕ್ಲಾಸಿಗೆ ಅವರ ವಿಭಾಗದ ದೊಡ್ಡ ಮೇಡಂ ಬಂದು ಕೂರುವವರಿದ್ದರು. ಸೇಫ್ಟಿಯಂಥ ಕೈಕೆಲಸದ ವಿದ್ಯೆಯನ್ನು ಪರದೆಯ ಮೇಲೆ ಕಲಿಸಲು ಆಗುವುದಿಲ್ಲ, ಈ ತಂಡದ ಓದು ಮುಗಿದ ಮೇಲೆ ಕೋರ್ಸು ಮುಚ್ಚಿಬಿಡೋಣ ಎಂದು ಅಲ್ಲೂ ಕೆಲವರು ಹೇಳುತ್ತಿದ್ದಾರಂತೆ. ನಿಮ್ಮ ಮಾತೇ, ಬಾಯಿ ಮಾತ್ರ ಬೇರೆ. ದೊಡ್ಡ ಮೇಡಂ ನೋಡಿ, ಇರಬೇಕೋ ಮುಚ್ಚಬೇಕೋ ಹೇಳುವುದು. ಇವಳು ಎರಡು ವಾರದಿಂದ ಸರಿಯಾಗಿ ಉಂಡಿರಲಿಲ್ಲ. ನಾನು ದೇವರಿಗೆ ಹರಕೆ ಹೊತ್ತುಕೊಂಡೆ. ಏನು ಹರಕೆ ಎಂದು ಈಗ ಹೇಳುವುದಿಲ್ಲ.

ಸುಮ್ಮನೆ ಪಾಠ ಹೇಳಿದರೆ ಆಗದು ಎಂದು ಇವಳು ಒಂದು ಡ್ರಿಲ್ ಮಾಡಿಸಲು ಯೋಚಿಸಿದಳು. ಒಂದು ಸುಳ್ಳು ಗೋದಾಮು, ಅಲ್ಲಿ ಸುಳ್ಳು ಗ್ಯಾಸ್ ಸೋರಿಕೆ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಇವಳು ಇಲ್ಲಿಂದ ಸುದ್ದಿ ಕೂಗುತ್ತಾಳೆ, ಅವರು ಅಲ್ಲಿಂದ ಏನು ಮಾಡುತ್ತೇವೆ ಎಂದು ಹೇಳಬೇಕು. ಇಂಥ ಆಟಕ್ಕೆ ಒಂದು ನಿಯಮ ಇದೆ, ಅವಳೇ ಕಲಿಸಿದ್ದು: ಪ್ರತಿ ಸುದ್ದಿಗೂ ಮೊದಲು ‘ಇದು ಡ್ರಿಲ್’ ಎನ್ನಬೇಕು. ಅವಳು ಮರೆತಿರಲಿಲ್ಲ ರೀ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ, ಕುರುಡರಿಗೂ ಕಾಣುವಷ್ಟು ದೊಡ್ಡದಾಗಿ ಬರೆದಿದ್ದಳು. ಬಾಯಲ್ಲಿ ಮಾತ್ರ ಹೇಳಲಿಲ್ಲ. ಅಡುಗೆಮನೆಯಲ್ಲಿದ್ದ ನನಗೆ ಪರದೆ ಎಲ್ಲಿ ಕಾಣಬೇಕು? ನನ್ನ ಪಾಲಿಗೆ ಇದ್ದದ್ದು ಎರಡು ಕಿವಿ.

ಹಾಲು ಒಲೆಯ ಮೇಲಿತ್ತು. ಒಳಗಿನಿಂದ ಇವಳ ದನಿ, ಅದೂ ನಾನು ಹೆತ್ತಾಗಿನಿಂದ ಕೇಳದ ದನಿ: ‘ಗ್ಯಾಸ್ ಸೋರ್ತಾ ಇದೆ! ಸ್ವಿಚ್ ಮುಟ್ಟಬೇಡಿ! ಲಿಫ್ಟ್ ಬೇಡ, ಮೆಟ್ಟಿಲು! ಅಕ್ಕಪಕ್ಕದವರನ್ನ ಕೂಗಿ, ಎಲ್ಲರನ್ನೂ ಕೆಳಗೆ ಇಳಿಸಿ!’

ಒಲೆ ಆರಿಸಿದೆ, ಕಿಟಕಿ ತೆರೆದೆ, ಅವಳ ಕೋಣೆಗೆ ಓಡಿದೆ. ಕಿವಿಗೆ ಆ ದೊಡ್ಡ ಇಯರ್‌ಫೋನು ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಕೈ ಬೀಸಿದಳು, ಹೋಗು ಹೋಗು ಅಂತ. ಕ್ಲಾಸು ನಡೀತಿದೆ, ಒಳಗೆ ಬರಬೇಡ ಅನ್ನುವುದು ಅವಳ ಅರ್ಥ. ನೀನು ಮೊದಲು ಹೋಗು, ನಾನು ಹಿಂದೆಯೇ ಬಂದೆ ಅನ್ನುವುದು ನನ್ನ ಅರ್ಥ. ಹೊರಟೆ.

ಕಾಲಿಂಗ್ ಬೆಲ್ ಒತ್ತುವ ಹಾಗಿಲ್ಲ, ಅದೂ ಸ್ವಿಚ್ಚೇ ತಾನೆ? ಕೈಯಲ್ಲಿದ್ದ ಸೌಟಿನಿಂದಲೇ ಬಾಗಿಲು ಬಾಗಿಲು ಬಡಿದೆ. ಎದುರುಮನೆಯ ರಿಟೈರಾದ ಬ್ಯಾಂಕಿನ ಯಜಮಾನರು ಚಡ್ಡಿಯಲ್ಲೇ ಬಂದರು. ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರಮ್ಮ ಬಂದರು, ಅವರ ಹಿಂದೆ ಬಾಯಿ ತುಂಬ ಹತ್ತಿ ತುರುಕಿಸಿಕೊಂಡಿದ್ದ ರೋಗಿ. ಮೂಲೆಮನೆಯ ಟೈಲರಮ್ಮ ಮಾತ್ರ ‘ನನ್ನ ದೊಡ್ಡ ಕತ್ತರಿ, ನನ್ನ ದೊಡ್ಡ ಕತ್ತರಿ’ ಎಂದು ಒಳಗೇ ಸುತ್ತುತ್ತಿದ್ದಳು. ನಾನು ಒಳಗೆ ಹೋಗಿ ರಟ್ಟೆ ಹಿಡಿದೆ. ‘ಜೀವ ದೊಡ್ಡದೋ ಕತ್ತರಿ ದೊಡ್ಡದೋ, ನಡಿಯೇ ತಾಯಿ’ ಎಂದು ಮೆಟ್ಟಿಲಿನವರೆಗೂ ನೂಕಿಕೊಂಡು ಬಂದೆ. ಪರರ ಕತ್ತರಿಗೆ ಬುದ್ಧಿ ಹೇಳುವುದು ಎಷ್ಟು ಸುಲಭ ನೋಡಿ. ಅವಳು ಇಳಿದಳೋ ಇಲ್ಲವೋ, ನನಗೆ ನೆನಪಾಯಿತು: ದೇವರು!

ದೇವರನ್ನು ಇಟ್ಟಿರುವುದು ಅದೇ ಕಂಪ್ಯೂಟರ್ ಕೋಣೆಯಲ್ಲಿ, ಗೋಡೆಯ ಮೇಲಿನ ಎತ್ತರದ ಹಲಗೆಯಲ್ಲಿ. ವಾಪಸ್ಸು ಓಡಿದೆ. ಕೋಣೆ ಖಾಲಿ. ಮೆಟ್ಟಿಲ ಮೇಲಿನ ಗಲಾಟೆ ಕೇಳಿ ಮಗಳು ಇಯರ್‌ಫೋನು ಕಿತ್ತೆಸೆದು, ನನ್ನನ್ನು ಹುಡುಕುತ್ತಾ ಕೆಳಗೆ ಓಡಿದ್ದಳು. ನಾನು ಟೈಲರಮ್ಮನ ಮನೆಯೊಳಗಿದ್ದೆನಲ್ಲ, ಒಬ್ಬರಿಗೊಬ್ಬರು ಸಿಗಲಿಲ್ಲ. ಅವಳು ಕಿತ್ತ ಭರಕ್ಕೆ ವೈರು ಬಿಟ್ಟುಕೊಂಡು, ಕಂಪ್ಯೂಟರಿನಿಂದ ಎಲ್ಲರ ದನಿ ಕೋಣೆಗೆ ಕೇಳುತ್ತಿತ್ತು. ನೋಡಿದರೆ ಪರದೆ ತುಂಬ ಮುಖಗಳು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾರೆ. ಸಂತೆಯಲ್ಲಿ ಮಂತ್ರ ಹೇಳಿದ ಹಾಗೆ, ಒಂದು ಅಕ್ಷರ ತಿಳಿಯಲಿಲ್ಲ. ಕೇಳಿಸಿಕೊಳ್ಳುವ ವ್ಯವಧಾನವೂ ಇರಲಿಲ್ಲ. ಅವಳ ಕುರ್ಚಿ ಎಳೆದು ಹತ್ತಿದೆ.

ಅದು ಚಕ್ರದ ಕುರ್ಚಿ ರೀ. ಸುತ್ತುತ್ತದೆ, ಓಡುತ್ತದೆ, ಎರಡೂ ಮಾಡುತ್ತದೆ. ಒಂದು ಕೈಯಲ್ಲಿ ದೇವರ ಚೌಕಟ್ಟು, ಇನ್ನೊಂದು ಕೈಯಲ್ಲಿ ಸೌಟು, ಕಾಲಡಿಯಲ್ಲಿ ಕುರ್ಚಿ ಹೊರಟೇಬಿಟ್ಟಿತು. ಆಗ ಆ ಗದ್ದಲದ ನಡುವಿನಿಂದ ಒಬ್ಬ ವಿದ್ಯಾರ್ಥಿಯ ದನಿ ಎಲ್ಲರ ದನಿಯನ್ನೂ ಸೀಳಿಕೊಂಡು ಬಂತು: ‘ಅದು ಚಕ್ರದ ಕುರ್ಚಿ! ದೇವರು ಎಲ್ಲೂ ಹೋಗಲ್ಲ, ಮೊದಲು ಕೆಳಗಿಳಿ!’ ನಾನು ಯಾರ ಮಾತನ್ನೂ ಕೇಳದವಳು, ಆ ದನಿಗೆ ಮಾತ್ರ ಹಲಗೆ ಹಿಡಿದುಕೊಂಡು ನಿಂತೆ. ಮೆಲ್ಲಗೆ ಕೂತೆ, ಇಳಿದೆ. ಸೌಟು ಕೆಳಗೆ ಬಿತ್ತು. ಸೊಂಟ ಉಳಿಯಿತು.

ಅಷ್ಟರಲ್ಲಿ ಕೆಳಗೆ ಇನ್ನೊಂದು ರಾಮಾಯಣ. ಬೀದಿಗೆ ತೆರೆಯುವ ಮೆಟ್ಟಿಲ ಬಾಗಿಲಿಗೆ ನೆಲಮಹಡಿಯ ಚಪ್ಪಲಿ ಅಂಗಡಿಯವನು ರಟ್ಟಿನ ಪೆಟ್ಟಿಗೆಗಳನ್ನು ತಲೆ ಮಟ್ಟ ಒಟ್ಟಿದ್ದಾನೆ! ಬಾಗಿಲು ತೆರೆಯದು. ಬಾಯಿ ತುಂಬ ಹತ್ತಿಯಿದ್ದ ರೋಗಿ ಮಾತಾಡಲಾರದೆ ಪೆಟ್ಟಿಗೆಗಳನ್ನು ಒದೆಯುತ್ತಿದ್ದನಂತೆ. ಮಗಳು ಹೋಗಿ ಇದು ನಿಜವಲ್ಲ, ಡ್ರಿಲ್ ಎಂದಾಗ ಬ್ಯಾಂಕಿನ ಯಜಮಾನರು, ‘ನಿಜ ಅಲ್ಲದ್ದಕ್ಕೆ ನಾನು ಚಡ್ಡೀಲಿ ಬಂದ್ನಾ?’ ಎಂದು ಗುಡುಗಿದರಂತೆ. ಅವರನ್ನೆಲ್ಲ ಕ್ಷಮೆ ಕೇಳಿ ಮನೆಗೆ ಕಳಿಸಿ, ಅವಳು ಬಿಳಿಚಿಕೊಂಡ ಮುಖದಲ್ಲಿ ಮೇಲೆ ಬಂದಳು. ಕೋಣೆಯಲ್ಲಿ ನಾನು ದೇವರನ್ನು ಅಪ್ಪಿಕೊಂಡು ನಿಂತಿದ್ದೆ. ಪರದೆಯ ಒಂದು ಚೌಕದಲ್ಲಿ ದೊಡ್ಡ ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು.

ಮುಗಿಯಿತು, ನನ್ನಿಂದಲೇ ಮಗಳ ಕೋರ್ಸಿಗೆ ಕಲ್ಲು ಬಿತ್ತು ಅಂದುಕೊಂಡೆ. ಅವಳ ಕಣ್ಣಂಚಿನಲ್ಲಿ ನೀರು. ಕಂಪ್ಯೂಟರ್ ಮುಚ್ಚಿಬಿಡುತ್ತಾಳೆ ಅನ್ನಿಸಿತು. ಅವಳು ಮುಚ್ಚಲಿಲ್ಲ ರೀ. ಆ ಕುರ್ಚಿಯಲ್ಲೇ ಕೂತು, ಗಂಟಲು ಸರಿಮಾಡಿಕೊಂಡು (ಥೇಟ್ ನಿಮ್ಮ ಹಾಗೆ) ಹೇಳಿದಳು: ‘ತಪ್ಪು ನನ್ನದು. ಇದು ಡ್ರಿಲ್ ಅಂತ ಬರೆದೆ, ಬಾಯಲ್ಲಿ ಹೇಳಲಿಲ್ಲ. ನೋಡೋರು ಮಾತ್ರ ಇದ್ದಾರೆ ಅಂದುಕೊಂಡೆ, ಕೇಳೋರು ಇದ್ದಾರೆ ಅಂತ ಯೋಚಿಸಲಿಲ್ಲ. ಸುಳ್ಳು ಗೋದಾಮು ಸಾಕು. ಇವತ್ತು ನಮ್ಮ ಕಣ್ಣೆದುರಿಗೇ ನಡೆದದ್ದನ್ನ ಬಿಚ್ಚಿ ನೋಡೋಣ. ಯಾರು ತಪ್ಪು ಮಾಡಿದ್ರು ಅಂತ ಕೇಳಬೇಡಿ, ಹೇಗೆ ಆಯ್ತು ಅಂತ ಕೇಳಿ.’

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು! ನನ್ನನ್ನೇ ಕ್ಯಾಮೆರಾ ಮುಂದೆ ಕೂರಿಸಿದರು. ನಾನು ತಲೆಗೂದಲು ಸರಿ ಮಾಡಿಕೊಂಡೆ. ಬಂದರಿನವರು, ‘ಅಮ್ಮಾ, ಲಿಫ್ಟಲ್ಲಿ ಯಾಕೆ ಹೋಗಲಿಲ್ಲ?’ ಎಂದರು. ಮೂರನೇ ವಾರದ ಪಾಠದಲ್ಲಿ ಇದೆಯಲ್ಲ, ನೀವು ಕೇಳಿಲ್ಲವೇ ಎಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಬೆಲ್ ಯಾಕೆ ಒತ್ತಲಿಲ್ಲ, ಕಿಟಕಿ ಯಾಕೆ ತೆರೆದಿರಿ, ಒಂದೊಂದಕ್ಕೂ ಉತ್ತರ ಹೇಳಿದೆ. ಗಣಿಯವರು ಸಮಾಧಾನದಿಂದ ಕೇಳಿದರು: ‘ಇಷ್ಟೆಲ್ಲ ಸರಿಯಾಗಿ ಮಾಡಿದೋರು, ದೇವರ ಫೋಟೋಗೆ ಮಾತ್ರ ಯಾಕಮ್ಮಾ ವಾಪಸ್ ಬಂದ್ರಿ?’ ಮಗಳು ಹಣೆ ಚಚ್ಚಿಕೊಂಡಳು. ಬಿಟ್ಟು ಬಂದ ವಸ್ತುವಿಗೆ ಹಿಂದಿರುಗಬಾರದು ಅನ್ನುವ ತುಂಡು ಪಾಠದಲ್ಲಿ ಇತ್ತಂತೆ. ‘ಅಮ್ಮ ಅಲ್ಲಿ ತೂಕಡಿಸಿದ್ರು, ನಾನು ಕತ್ತರಿಸಿಬಿಟ್ಟೆ’ ಎಂದಳು. ನರ್ಸಮ್ಮ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ತೂಕಡಿಸಲಿಲ್ಲ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದೆ ಎಂದರೆ ಒಬ್ಬರೂ ನಂಬಲಿಲ್ಲ.

ಗೋದಾಮಿನ ಕೋಟಿನ ಹುಡುಗಿ ಆಗ ಹೇಳಿದಳು: ‘ಮೇಡಂ, ಪರದೆ ಮೇಲೆ ಕಲಿಸಿದ್ದು ಕೈಕಾಲಿಗೆ ಇಳಿಯುತ್ತಾ ಅಂತ ಕೇಳ್ತಾರಲ್ಲ. ಅಮ್ಮನಿಗೆ ಇಳಿದದ್ದು ಎಲ್ಲ ನೀವು ಉಳಿಸಿದ ಪಾಠ. ಇಳಿಯದೆ ಇದ್ದದ್ದು ನೀವು ಕತ್ತರಿಸಿದ್ದು.’

ದೊಡ್ಡ ಮೇಡಂ ಸ್ವಲ್ಪ ಹೊತ್ತು ಕೂತು ಹೋಗುತ್ತೇನೆ ಎಂದವರು ಕೊನೆಯವರೆಗೂ ಕೂತಿದ್ದರು. ಕೊನೆಗೆ ಎರಡೇ ಮಾತು. ಮುಂದಿನ ವರ್ಷ ಈ ಕೋರ್ಸು ಇರುತ್ತದೆ, ತಾವೇ ಬರೆದು ಕಳಿಸುತ್ತಾರೆ. ಮತ್ತೆ, ಡ್ರಿಲ್ ಮಾಡುವ ಮುಂಚೆ ತಾಯಿಯವರಿಗೆ ತಿಳಿಸಿ!

ದಡದ ಮೇಲೆ ಕೂತು ಕಲಿಸಿದಳು ರೀ ನಿಮ್ಮ ಮಗಳು. ಅಡುಗೆಮನೆಯಲ್ಲಿ ಕೂತು ಕಲಿತೆ ನಾನು. ನಿನ್ನೆ ಈಜಿದೆ! ನೀರು ಸುಳ್ಳಾಗಿದ್ದರೇನು, ಈಜು ನಿಜ.

ಇವತ್ತು ಬೆಳಿಗ್ಗೆ ಚಪ್ಪಲಿ ಅಂಗಡಿಯವನು ಪೆಟ್ಟಿಗೆಗಳನ್ನು ತಾನೇ ತೆಗೆದ. ಬ್ಯಾಂಕಿನ ಯಜಮಾನರು ಪ್ಯಾಂಟು ಹಾಕಿಕೊಂಡು ನಿಂತು ತೆಗೆಸಿದರು. ಮಗಳು ಎದ್ದ ಕೂಡಲೇ ಬಡಗಿಯನ್ನು ಕರೆಸಿ ದೇವರ ಹಲಗೆಯನ್ನು ನನ್ನ ಎದೆ ಮಟ್ಟಕ್ಕೆ ಇಳಿಸಿದಳು. ಅಪಾಯವನ್ನೇ ಮೊದಲು ತೆಗೆಯಬೇಕಲ್ಲ. ದೇವರಿಗೂ ಈ ಎತ್ತರ ಹಿತವಾದಂತಿದೆ, ಮುಖ ನೋಡಿ ಮಾತಾಡಬಹುದು. ಆ ಹಾಲು ಮಾತ್ರ ಒಡೆದುಹೋಯಿತು.

ಅವಳ ಗೋಡೆಯಲ್ಲಿ ಹತ್ತನೇ ವಾರದ ಜಾಗ ಖಾಲಿಯಿದೆ. ಮಷೀನಿನ ಪಕ್ಕದಲ್ಲೇ ಆಯುಷ್ಯ ಕಳೆದವರೊಬ್ಬರು ಬಂದು ಆ ವಾರ ಮಾತಾಡಬೇಕಂತೆ. ಯಾರನ್ನು ಕರೆಯಲಿ ಎಂದು ನಾನು ಬಂದಾಗಿನಿಂದ ಅವಳು ಯೋಚಿಸುತ್ತಿದ್ದಾಳೆ. ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗ್ಯಾಸ್ ನಾಬ್ ಆರಿಸಿದ್ದೀರಾ ಎಂದು ಎದ್ದು ಒಮ್ಮೆ ನೋಡಿ ಬನ್ನಿ. ಇದು ಡ್ರಿಲ್ ಅಲ್ಲ.

ಇಂತಿ,
ಸೌಟು ಬಿದ್ದರೂ ತಾನು ಬೀಳದೆ ಉಳಿದ
ನಿಮ್ಮ ಮನೆಯವಳು

ತಾ.ಕ.: ಮೇಲೆ ಒಂದು ಮಾತನ್ನು ಪೂರ್ತಿ ಬರೆಯಲಿಲ್ಲ. ಆ ‘ವಿದ್ಯಾರ್ಥಿ’ ಕೂಗಿದ್ದು ಹೀಗೆ: ‘ಏ ಗಡಿಬಿಡೀ, ಅದು ಚಕ್ರದ ಕುರ್ಚಿ! ದೇವರು ಎಲ್ಲೂ ಹೋಗಲ್ಲ, ಮೊದಲು ಕೆಳಗಿಳಿಯೇ!’ ನನ್ನನ್ನು ಗಡಿಬಿಡಿ ಎಂದು ಕರೆಯುವವರು ಈ ಭೂಮಿಯ ಮೇಲೆ ಒಬ್ಬರೇ. ಪೀಪಿಯವರ ಚೌಕದಲ್ಲಿ ಅವರ ಹಿಂದಿನ ಗೋಡೆ ನಮ್ಮ ಮನೆಯ ಗೋಡೆ, ಕ್ಯಾಲೆಂಡರು ನಾನೇ ನೇತುಹಾಕಿದ್ದು. ಬಾಯ್ಲರಿಗೆ ಬುದ್ಧಿ ಬರುತ್ತಾ ಎಂಬ ಪ್ರಶ್ನೆ ಯಾರ ಹೊಟ್ಟೆಯಿಂದ ಬಂದದ್ದು ಎಂದೂ ತಿಳಿಯಿತು. ಶನಿವಾರ ಶನಿವಾರ ಬಾಗಿಲಿಗೆ ಯಾರು ಬರುತ್ತಿದ್ದರು ಎಂಬುದೂ.

ಮಗಳು ಬೆಳಿಗ್ಗೆ ನಿನ್ನೆಯ ರೆಕಾರ್ಡಿಂಗ್ ಹಾಕಿದ್ದಳು. ಆ ಒಂದು ಸಾಲನ್ನು ಮತ್ತೆ ಮತ್ತೆ ಕೇಳಿದಳು. ನನ್ನ ಕಡೆ ತಿರುಗಲಿಲ್ಲ. ನಾನು ಈ ಕಾಗದ ಮಡಚುವ ಹೊತ್ತಿಗೆ ಎದ್ದು ಹೋಗಿ ಹತ್ತನೇ ವಾರದ ಜಾಗದಲ್ಲಿ ಒಂದು ಹಳದಿ ಚೀಟಿ ಅಂಟಿಸಿದ್ದಾಳೆ. ಅದರಲ್ಲಿ ಇರುವುದು ಒಂದೇ ಪದ, ‘ಅಪ್ಪ’. ಕೋರ್ಸು ಉಳಿದರೆ ನಿಮ್ಮನ್ನು ಅವಳ ಕ್ಲಾಸಿನಲ್ಲಿ ಕೂರಿಸುತ್ತೇನೆ ಎಂದೇ ನಾನು ಹರಕೆ ಹೊತ್ತದ್ದು. ಮುಂದಿನ ಶನಿವಾರ ಪೀಪಿಯವರನ್ನು ಪಕ್ಕಕ್ಕೆ ಸರಿಸಿ, ನೀವೇ ಕ್ಯಾಮೆರಾ ಮುಂದೆ ಕೂತುಬಿಡಿ. ಗಟ್ಟಿ ಕುರ್ಚಿಯ ಮೇಲೆ.